ಸೊಂಟದ ಎತ್ತರದ ಹಗ್ಗ

ಮಾರ್ಚ್ 4, ಬುಧವಾರ

ಡಾಕ್ಟರು ಬರೆಯಲು ಹೇಳಿದ್ದಾರೆ, ಬರೆಯುತ್ತಿದ್ದೇನೆ. ಎದೆ ಹೊಡೆದುಕೊಳ್ಳುತ್ತದೆ ಎಂದು ಹೋಗಿದ್ದೆ. ಎಲ್ಲ ಪರೀಕ್ಷೆ ಮಾಡಿ, "ಎದೇಲಿ ಏನೂ ಇಲ್ಲ ಯಜಮಾನ್ರೇ, ಇರೋದೆಲ್ಲ ತಲೇಲಿ. ದಿನಾ ಸಂಜೆ ಅದನ್ನ ಕಾಗದಕ್ಕೆ ಇಳಿಸಿ. ಹೆಂಡ್ತಿ ತಲೆಗೆ ಇಳಿಸ್ಬೇಡಿ" ಎಂದರು. ಪಕ್ಕದಲ್ಲೇ ಕೂತಿದ್ದ ಅವಳು ಡಾಕ್ಟರಿಗೆ ಎರಡೂ ಕೈ ಎತ್ತಿ ಮುಗಿದಳು. ಕಾಂಪೌಂಡರ್ ಕೂಡ ನಕ್ಕ.

ಇದು ಪೇಂಟ್ ಅಂಗಡಿಯವನು ಯಾವತ್ತೋ ಕೊಟ್ಟ ಡೈರಿ. ವರ್ಷ ಹಳೆಯದು, ವಾರ ತಾಳೆಯಾಗುವುದಿಲ್ಲ, ಹೊಡೆದುಹಾಕಿ ಬರೆದುಕೊಳ್ಳುತ್ತಿದ್ದೇನೆ. ಆರನೇ ಕ್ಲಾಸಿನ ನಡುವೆ ಶಾಲೆ ಬಿಟ್ಟು ಲಾರಿ ಕ್ಲೀನರ್ ಆದವನ ಅಕ್ಷರ, ಕೋಳಿ ಕೆದರಿದ ಹಾಗಿದೆ. ಯಾರು ನೋಡಬೇಕು ಇದನ್ನು.

ಇವತ್ತಿನ ಹೆದರಿಕೆ ಗ್ಯಾರೇಜಿನದು. ಶಾಲೆ ಮಕ್ಕಳ ವ್ಯಾನು ಓಡಿಸುತ್ತಿದ್ದವನು ನಾನು. ಮಕ್ಕಳು 'ನಿಧಾನ ಅಂಕಲ್' ಎನ್ನುತ್ತಿದ್ದರು. ಎದುರಿಗೆ ಎಮ್ಮೆ ಬಂದರೂ ಇಂಜಿನ್ ಆರಿಸುತ್ತಿದ್ದೆ. ಹೆದರಿಕೆ ಹೆಚ್ಚಾಗಿ ಹೋದ ವರ್ಷ ವ್ಯಾನು ಮಾರಿದೆ. ಗ್ಯಾರೇಜಿನ ಹಿಂದಿನ ಅರ್ಧದಲ್ಲಿ ಹೆಂಡತಿ ಮೊದಲಿಂದಲೂ ಬೀದಿಯ ಮನೆಗಳ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ವ್ಯಾನು ಹೋದ ಮೇಲೆ ಸಾಮಾನೆಲ್ಲ ಮುಂದಕ್ಕೂ ಹರಿದು ಬಂದಿದೆ. ಪೇಂಟ್ ಡಬ್ಬ, ಟರ್ಪೆಂಟೈನ್, ಹಳೇ ಪೇಪರ್ ಕಟ್ಟು, ಅಲ್ಲೇ ಕೆಂಪಗೆ ಕಾದ ಇಸ್ತ್ರಿಪೆಟ್ಟಿಗೆ! ಅಡುಗೆಮನೆ ಬಾಗಿಲ ಬಳಿ ವ್ಯಾನಿನ ಹಳೆಯ ಟೈರು. ಅದರೊಳಗೆ ಇಲಿ ಸಂಸಾರ ಹೂಡಿದೆ. ಬೆಂಕಿ ಹತ್ತಿಕೊಂಡರೆ ಯಾವ ಕಡೆಯಿಂದ ಓಡುವುದು ಎಂದು ಊಟ ಮಾಡುತ್ತಲೇ ಯೋಚಿಸಿದೆ.

ಗ್ಯಾಸ್ ನೋಡಿದೆ. ಬೀಗ ನೋಡಿದೆ.

ಮಾರ್ಚ್ 6, ಶುಕ್ರವಾರ

ಗ್ಯಾರೇಜು ಅಚ್ಚುಕಟ್ಟು ಮಾಡೋಣ ಎಂದೆ. ಗೋಡೆಗೆ ಹಲಗೆ ಬಡಿದು, ದಿನಾ ಬೇಕಾದ್ದು ಕೈಗೆಟುಕುವಲ್ಲಿ, ಅಪರೂಪದ್ದು ಮೇಲೆ, ಬೇಡದ್ದು ಗುಜರಿಗೆ. ನೆಲ ಖಾಲಿಯಾದರೆ ಮಗಳು ಬಂದಾಗ ಸ್ಕೂಟರ್ ಒಳಗೇ ನಿಲ್ಲಿಸಬಹುದು.

ಅವಳು ಅಂಗಿಯ ಕಾಲರು ಒತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಇಡೀ ಮನೆ ತಲೆಕೆಳಗು ಮಾಡಿ ಬೇಕಾದ್ರೆ. ಗ್ಯಾರೇಜಿಗೆ ಮಾತ್ರ ಕೈ ಹಾಕ್ಬೇಡಿ."

"ಬೆಂಕಿ ಬಿದ್ರೆ?"

"ಬೀಳ್ಲಿ. ಇಸ್ತ್ರಿ ಕರೆಂಟ್ ಉಳಿಯುತ್ತೆ."

ಅವಳಿಗೆ ಚೊಕ್ಕತನ ಬೇಡ ಎಂದಲ್ಲ, ಮಡಿಸಿದ ಸೀರೆಯ ಅಂಚು ಅಂಚಿಗೆ ಕೂರದಿದ್ದರೆ ಬಿಚ್ಚಿ ಮಡಿಸುವವಳು. ಆದರೆ ಗ್ಯಾರೇಜಿನಲ್ಲಿ ಅವಳದು ವಿಚಿತ್ರ ಪದ್ಧತಿ. ಯಾರ ಮನೆಯ ಗಂಟು ಯಾವುದು ಎಂದು ಬರೆದಿಟ್ಟಿಲ್ಲ. ಪ್ರತಿ ಗಂಟಿಗೂ ದಾರ ಸುತ್ತಿ ದಾರಕ್ಕೆ ಸಣ್ಣ ಸಣ್ಣ ಗಂಟು ಹಾಕುತ್ತಾಳೆ. ಲಾಯರಿಗೆ ಒಂಟಿ ಗಂಟು, ನರ್ಸಮ್ಮನಿಗೆ ಜೋಡಿ, ಮೂಲೆಮನೆ ಮೇಷ್ಟ್ರಿಗೆ ಕುಣಿಕೆ. ಅಡುಗೆಮನೆ ಬಾಗಿಲಿಂದ ಇಸ್ತ್ರಿ ಮೇಜಿನವರೆಗೆ ಗೋಡೆಯುದ್ದಕ್ಕೂ ಒಂದು ಹಗ್ಗವನ್ನೂ ಎಳೆದಿದ್ದಾಳೆ. ಬಟ್ಟೆ ಹರವಲು ಎನ್ನುತ್ತಾಳೆ. ಬಟ್ಟೆ ಹರವುವ ಹಗ್ಗವನ್ನು ಯಾರಾದರೂ ಸೊಂಟದ ಎತ್ತರಕ್ಕೆ ಕಟ್ಟುತ್ತಾರೆಯೇ? ಸೀರೆಯ ಸೆರಗು ನೆಲ ಗುಡಿಸುತ್ತದೆ.

ಗ್ಯಾಸ್ ನೋಡಿದೆ. ಬೀಗ ನೋಡಿದೆ. ಮತ್ತೆ ಎದ್ದು ಗ್ಯಾಸ್ ನೋಡಿದೆ.

ಮಾರ್ಚ್ 11, ಬುಧವಾರ

ನಾದಿನಿಗೆ ಹೊಟ್ಟೆಯ ಆಪರೇಷನ್. ಅಕ್ಕ ಬೇಕು ಎಂದಳಂತೆ. ಮಗಳು ಬಂದು ಅಮ್ಮನನ್ನು ಕರೆದುಕೊಂಡು ಹೋದಳು. ಬೀದಿಯ ಕೊನೆಯವರೆಗೂ ಮಗಳ ಭುಜ ಹಿಡಿದೇ ನಡೆದಳು. ಇತ್ತೀಚೆಗೆ ತಾಯಿ ಮಗಳಿಗೆ ಬಲು ಸಲಿಗೆ. ನನ್ನ ಭುಜ ಹಿಡಿದು ನಡೆದದ್ದು ನೆನಪಿಲ್ಲ.

ಹೋಗುವಾಗ ಬಾಗಿಲಲ್ಲಿ ತಿರುಗಿ, "ಗ್ಯಾರೇಜು" ಎಂದಳು.

"ಗೊತ್ತು ಮಾರಾಯ್ತಿ" ಎಂದೆ.

ಮಾಡುವುದಿಲ್ಲ ಎಂದೇನೂ ಹೇಳಲಿಲ್ಲವಲ್ಲ.

ಮಾರ್ಚ್ 12, ಗುರುವಾರ

ಶುರು ಮಾಡಿಬಿಟ್ಟೆ. ವ್ಯಾನು ಮಾರಿದ ಮೇಲೆ ಇಷ್ಟು ಖುಷಿಯಾದ ದಿನ ಇಲ್ಲ. ಎಲ್ಲವನ್ನೂ ಅಂಗಳಕ್ಕೆ ಸುರಿದೆ. ಒಂದು ರಾಶಿ ಇಡುವುದು, ಒಂದು ರಾಶಿ ಎಸೆಯುವುದು, ಮೂರನೆಯದು ಯೋಚಿಸುವುದು. ಯೋಚಿಸುವ ರಾಶಿಯೇ ದೊಡ್ಡದಾಯಿತು, ನನ್ನ ಹಣೆಬರಹ.

ಗುಜರಿಯವನು ಗಾಡಿ ತಂದ. ಟೈರು ಎತ್ತುವಾಗ ಇಲಿ ಅವನ ಕಾಲ ಮೇಲೆ ಹಾರಿತು. "ಯಜಮಾನ್ರೇ, ಬಾಡಿಗೆದಾರರ ಸಮೇತ ಮಾರ್ತಿದೀರಲ್ಲ!" ಎಂದು ಕುಣಿದ. ಪೇಪರ್ ಕಟ್ಟಲು ಹಗ್ಗ ಕೇಳಿದ. ಗೋಡೆಯ ಆ ಹಗ್ಗ ಬಿಚ್ಚಿ, ತುಂಡು ಮಾಡಿ ಕೊಟ್ಟೆ. ಅದರಲ್ಲೂ ಅಲ್ಲಲ್ಲಿ ಗಂಟು. ಹೆಂಗಸಿಗೆ ಗಂಟಿನ ಚಟ.

ಮಾರ್ಚ್ 14, ಶನಿವಾರ

ಬೆನ್ನು ಎರಡಾಗಿದೆ, ಆದರೂ ಬರೆಯಬೇಕು. ಹಲಗೆ ಬಡಿದಾಯಿತು. ಟರ್ಪೆಂಟೈನ್ ಹೊರಗಿನ ಗೂಡಿಗೆ ಹೋಯಿತು. ಗೋಡೆಗೆ ಬಿಳಿ ಸುಣ್ಣ. ಇಸ್ತ್ರಿ ಮೇಜು ಕತ್ತಲೆ ಮೂಲೆಯಲ್ಲಿತ್ತು, ಪಾಪ, ಅದನ್ನು ಎದುರು ಗೋಡೆಗೆ, ಕಿಟಕಿಯ ಕೆಳಗೆ ಎಳೆದೆ. ಮೇಜಿನ ಬಲ ತುದಿಯಲ್ಲಿ, ಅಂಚು ದಾಟಿ ಚಾಚಿಕೊಂಡ ಹಾಗೆ, ಇಸ್ತ್ರಿಪೆಟ್ಟಿಗೆ ಇಡಲು ಒಂದು ಒರಟು ಕಲ್ಲು ಇತ್ತು. ಈಗ ಬಲಗಡೆ ಸ್ವಿಚ್ಚು ಬರುತ್ತದೆ, ಬಿಸಿ ಪೆಟ್ಟಿಗೆ ವೈರಿಗೆ ತಾಗಿದರೆ? ಕಲ್ಲು ತೆಗೆದು ಚರಂಡಿಯ ಬಾಯಿಗೆ ಇಟ್ಟು, ಎಡ ತುದಿಗೆ ಹೊಸ ಕಬ್ಬಿಣದ ಸ್ಟ್ಯಾಂಡು ಜಡಿದೆ.

ಬಟ್ಟೆಗಂಟಿಗೆಲ್ಲ ಮೊಳೆ. ಮೊಳೆಯ ಮೇಲೆ ಚೀಟಿ: ಲಾಯರ್. ನರ್ಸಮ್ಮ. ಮೇಷ್ಟ್ರು. ದಾರಗಳನ್ನು ಕತ್ತರಿಸಿ ಎಸೆದೆ. ಅಕ್ಷರ ಸ್ವಲ್ಪ ಸೊಟ್ಟ. ಮೇಷ್ಟ್ರು ನೋಡಿದರೆ ನಗಬಹುದು.

ನಾಳೆ ಬರುತ್ತಾಳೆ. ಬಾಗಿಲಲ್ಲಿ ನಿಂತು ಅವಳ ಮುಖ ನೋಡಬೇಕು.

ಮಾರ್ಚ್ 15, ಭಾನುವಾರ

ಬಾಗಿಲಲ್ಲಿ ನಿಂತಳು. ಬಹಳ ಹೊತ್ತು ನಿಂತಳು. ಕೈ ಸೊಂಟದ ಮಟ್ಟಕ್ಕೆ ಗೋಡೆಯ ಮೇಲೆ ಆ ಕಡೆ ಈ ಕಡೆ ಆಡಿತು. ಬೆರಳಿಗೆ ಸುಣ್ಣ ಮೆತ್ತಿಕೊಂಡಿತು.

"ಹಗ್ಗ?"

"ತೆಗೆದೆ. ಕಾಲಿಗೋ ಕುತ್ತಿಗೆಗೋ ಸಿಕ್ಕಿಕೊಂಡ್ರೆ ಅಂತ."

"ಟೈರು?"

"ಇಲಿ ಇತ್ತು ಕಣೇ. ಹೇಗಿದೆ ಹೇಳು?"

"ಚೆನ್ನಾಗಿದೆ" ಎಂದಳು. ಒಳಗೆ ಕಾಲಿಡಲಿಲ್ಲ. ತಲೆನೋವು ಎಂದು ಮಲಗಿದಳು.

ಸಿಟ್ಟು. ಮಾಡಬೇಡ ಎಂದದ್ದನ್ನು ಮಾಡಿದೆನಲ್ಲ, ಅದಕ್ಕೆ.

ಮಾರ್ಚ್ 18, ಬುಧವಾರ

ಸಿಟ್ಟು ಇಳಿದಿಲ್ಲ. ಟೀ ಮಾಡಿಕೊಂಡು ಹೋಗಿ ಪಕ್ಕದಲ್ಲಿ ನಿಂತು ಲೋಟ ಚಾಚಿದೆ. ನೋಡಲೇ ಇಲ್ಲ. ಟೀ ಆರುವವರೆಗೆ ನಿಂತಿದ್ದೆ. "ಬೇಡ್ವಾ?" ಎಂದಾಗ ಬೆಚ್ಚಿಬಿದ್ದಳು. ಕೈ ತಾಗಿ ಲೋಟ ಬಿತ್ತು, ಲಾಯರ ಕರೀ ಕೋಟಿನ ಮೇಲೆ. ಪುಣ್ಯಕ್ಕೆ ಕರೀದು.

ಬಟ್ಟೆ ಕೊಡುವಾಗ ನರ್ಸಮ್ಮನ ಗಂಟು ಮೇಷ್ಟ್ರಿಗೆ ಹೋಗಿದೆ. ಮೇಷ್ಟ್ರು ಬಿಳಿ ಲಂಗ ಎತ್ತಿ ಹಿಡಿದು ಬಂದರು. "ಅಮ್ಮಾ, ಇದು ನನ್ನ ಅಳತೆ ಅಲ್ಲ." ಬೀದಿಯೆಲ್ಲ ನಕ್ಕಿತು, ಅವಳು ನಗಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಕರವಸ್ತ್ರ ಅದಲುಬದಲಾದದ್ದಿಲ್ಲ.

ನನ್ನ ಅಕ್ಷರದ ತಪ್ಪು. ಚೀಟಿ ಓದಲು ಬರುತ್ತಿಲ್ಲ. ಅವಳು ಹೈಸ್ಕೂಲು ಮುಗಿಸಿದವಳು, ಬಾಯಿ ಬಿಟ್ಟು ಹೇಳಿದರೆ ನನಗೆ ಅವಮಾನ ಎಂದು ಸುಮ್ಮನಿದ್ದಾಳೆ. ದೊಡ್ಡದಾಗಿ ಬರೆಯುತ್ತೇನೆ.

ಗ್ಯಾಸ್ ನೋಡಿದೆ. ಬೀಗ ನೋಡಿದೆ.

ಮಾರ್ಚ್ 21, ಶನಿವಾರ

ದೊಡ್ಡದಾಗಿ ಬರೆದೆ, ದುಂಡಗೆ, ಎರಡು ಸಲ ಅಳಿಸಿ. ಇವತ್ತು ಮತ್ತೆ ಅದಲುಬದಲು. ಚೀಟಿಯ ಹತ್ತಿರ ಮುಖ ಇಟ್ಟು ನಿಂತಿದ್ದಳು. ನಾನು ಕೆಮ್ಮಿದ ಕೂಡಲೇ ದೂರ ಸರಿದು ಬಟ್ಟೆ ಮಡಿಸತೊಡಗಿದಳು.

"ನನ್ನ ಅಕ್ಷರ ಅರ್ಥ ಆಗ್ತಿಲ್ಲ ಅಂತ ಹೇಳ್ಬಾರದಾ?"

"ಅಕ್ಷರ ಚೆನ್ನಾಗೇ ಇದೆ ರೀ."

"ಸುಳ್ಳು."

"ಆಯ್ತು, ಸುಳ್ಳು. ಸ್ವಲ್ಪ ಹೊತ್ತು ನನ್ನ ಪಾಡಿಗೆ ನನ್ನ ಬಿಡ್ತೀರಾ?"

ಪೇಂಟ್ ಅಂಗಡಿಗೆ ಹೋಗಿ ಕೆಂಪು ಬಣ್ಣ ತಂದಿದ್ದೇನೆ. ಬಸ್ಸಿನ ಬೋರ್ಡಿನ ಹಾಗೆ ಬರೆಯುತ್ತೇನೆ.

ಮಾರ್ಚ್ 24, ಮಂಗಳವಾರ

ಬರೆಯಲು ಆಗುತ್ತಿಲ್ಲ. ಅವಳ ಬಲಗೈ ಸುಟ್ಟಿದೆ.

ಮಾರ್ಚ್ 25, ಬುಧವಾರ

ನಾನು ಅಲ್ಲೇ ಇದ್ದೆ. 'ಮೇಷ್ಟ್ರು' ಎಂದು ಕೆಂಪಗೆ ಬರೆಯುತ್ತಿದ್ದೆ. ಅವಳು ಪ್ಯಾಂಟಿನ ಗೀರು ಒತ್ತಿ ಮುಗಿಸಿ, ಪೆಟ್ಟಿಗೆಯನ್ನು ಬಲಗಡೆ ಇಟ್ಟಳು. ಬಲಗಡೆ ಕಲ್ಲು ಇಲ್ಲ, ಮೇಜಿನ ಅಂಚೂ ಅಷ್ಟು ದೂರಕ್ಕಿಲ್ಲ. ಗಾಳಿಯ ಮೇಲೆ ಇಟ್ಟಳು. ಬೀಳುವ ಪೆಟ್ಟಿಗೆಯನ್ನು ಹಿಡಿಯಲು ಹೋಗಿ ಅಂಗೈ ತಳಕ್ಕೇ ಕೊಟ್ಟಳು.

ಕೂಗಲಿಲ್ಲ. "ವೈರು, ವೈರು ಕೀಳಿ" ಎಂದಳು ನನಗೆ. ನಾನು ಬ್ರಷ್ ಹಿಡಿದು ನಿಂತೇ ಇದ್ದೆ. ಜೀವನವೆಲ್ಲ ಇಂಥದ್ದು ಆಗುತ್ತದೆ ಎಂದು ಕಾದವನು, ಆದಾಗ ಕಾಲು ಏಳಲಿಲ್ಲ. ವೈರನ್ನೂ ಅವಳೇ ತಡಕಾಡಿ, ಎಡಗೈಯಲ್ಲಿ ಕಿತ್ತಳು.

ಆಸ್ಪತ್ರೆಯಲ್ಲಿ ನರ್ಸು ಪಕ್ಕದಿಂದ ಮಾತ್ರೆ ಚಾಚಿದಳು. ಇವಳು ತೆಗೆದುಕೊಳ್ಳಲಿಲ್ಲ. ಇವಳಿಗೆ ನರ್ಸಿನ ಮೇಲೇನು ಸಿಟ್ಟು ಎಂದುಕೊಂಡೆ. ದೇವರಾಣೆ ಹಾಗೇ ಅಂದುಕೊಂಡೆ.

ಗಾಯ ನೋಡುತ್ತಿದ್ದ ಡಾಕ್ಟರು ಬೆರಳು ಎತ್ತಿ ಅವಳ ಕಿವಿಯ ಕಡೆಯಿಂದ ನಿಧಾನವಾಗಿ ಮುಂದಕ್ಕೆ ತಂದರು. "ಕಂಡಾಗ ಹೇಳಿ ಅಮ್ಮಾ." ಬೆರಳು ಮೂಗಿನ ಹತ್ತಿರ ಬರುವವರೆಗೂ ಅವಳು ಏನೂ ಹೇಳಲಿಲ್ಲ. ಡಾಕ್ಟರು ನನ್ನ ಕಡೆ ನೋಡಿದರು. "ಎಷ್ಟು ದಿನದಿಂದ ಹೀಗೆ?"

ನಾನು ಅವಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ನೋಡುತ್ತಿದ್ದಳೋ ಏನೋ.

ಮಾರ್ಚ್ 30, ಸೋಮವಾರ

ಕಣ್ಣಿನ ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆ. ಪಕ್ಕದ ನೋಟ ಪೂರ್ತಿ ಹೋಗಿದೆ. ನಡುವೆ ಒಂದು ಕಿಂಡಿ ಉಳಿದಿದೆ, ಅದೂ ಮಂಜು. ಹೋದದ್ದು ಬರುವುದಿಲ್ಲ, ದಿನಾ ಹನಿ ಹಾಕಿದರೆ ಇರುವುದನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳಲು ನೋಡಬಹುದು. "ಶುರುವಾದಾಗಲೇ ಬಂದಿದ್ರೆ…" ಎಂದು ನಿಲ್ಲಿಸಿದರು. ಆ ಮಾತು ಅವರು ಪೂರ್ತಿ ಮಾಡಬೇಕಿತ್ತು. ಪೂರ್ತಿ ಮಾಡದ್ದರಿಂದ ಎಲ್ಲಿ ಹೋದರೂ ಹಿಂದೆ ಬರುತ್ತಿದೆ.

ಮಗಳು ಫೋನಿನಲ್ಲಿ ಅತ್ತಳು. "ಅಮ್ಮ ನನ್ ಭುಜ ಹಿಡಿದು ನಡೆಯೋಳಲ್ಲಪ್ಪ, ಅದು ಪ್ರೀತಿ ಅಂದ್ಕೊಂಡಿದ್ದೆ ನಾನು."

"ಪ್ರೀತಿನೂ ಇತ್ತು ಬಿಡು" ಎಂದಳು ಇವಳು, ನನ್ನ ಕೈಯಿಂದ ಫೋನ್ ಕಿತ್ತುಕೊಂಡು.

ಏಪ್ರಿಲ್ 2, ಗುರುವಾರ

ಕೇಳಿಬಿಟ್ಟೆ. ಕೇಳಬಾರದಿತ್ತೇನೋ. ಸಂಜೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದೆವು, ಕೈಯ ಬ್ಯಾಂಡೇಜಿಗೆ ನಾನು ಹೊಸ ಬಟ್ಟೆ ಸುತ್ತುತ್ತಿದ್ದೆ.

"ಯಾಕೆ ಹೇಳ್ಲಿಲ್ಲ?"

"ಯಾರಿಗೆ?"

"ನನಗೆ. ಇನ್ಯಾರಿಗೆ?"

ನಕ್ಕಳು. "ನಿಮಗೆ! ಜಿರಳೆ ಕಚ್ಚಿದ್ರೆ ಚುಚ್ಚುಮದ್ದು ಇದೆಯಾ ಅಂತ ಆಸ್ಪತ್ರೆಗೆ ಹೋದೋರು ನೀವು. ನನಗೆ ಮೂರು ದಿನ ಕೆಮ್ಮು ಬಂದಾಗ ಅಳ್ತಾ ಮಗಳಿಗೆ ಫೋನ್ ಮಾಡಿದ್ರಿ. ಜ್ವರ ಬಂದ್ರೆ ನಾನೇ ಎದ್ದು ನಿಮಗೆ ಧೈರ್ಯ ಹೇಳ್ಬೇಕು."

"ಆದ್ರೂ ಇಂಥದ್ದು…"

"ಮೊದಲು ಪಕ್ಕದಲ್ಲಿ ಸ್ವಲ್ಪ ಮಸುಕಾಯ್ತು. ವಯಸ್ಸು ಅಂದ್ಕೊಂಡೆ. ಆಮೇಲೆ ವಯಸ್ಸಲ್ಲ ಅಂತ ಗೊತ್ತಾಯ್ತು. ಆಗ ನೀವು ವ್ಯಾನು ಮಾರೋ ಗಲಾಟೇಲಿ ಇದ್ರಿ, ದಿನಾ ಎದೆ ಹಿಡ್ಕೊಂಡು ಕೂರೋರು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ನಿಮ್ಮ ಮುಖ ನೋಡ್ತಿದ್ದೆ. ನಿಮ್ಮ ಮುಖ ಸರಿಹೋಗೋ ದಿನ ಬರ್ಲೇ ಇಲ್ಲ."

ಬ್ಯಾಂಡೇಜಿಗೆ ಇನ್ನೊಂದು ಸುತ್ತು ಸುತ್ತಿದೆ.

"ನನ್ ಕಣ್ಣಿನ ಜತೆ ನಿಮ್ಮನ್ನೂ ನೋಡ್ಕೊಳ್ಳೋ ಶಕ್ತಿ ಇರ್ಲಿಲ್ಲ ರೀ. ಅದಕ್ಕೆ ಹಗ್ಗ ಕಟ್ಕೊಂಡೆ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ಒರೆಸಿಕೊಳ್ಳಬಹುದು. ಅವಳು ಕರೆಂಟು ಹೋಯಿತು, ಮೇಣದಬತ್ತಿ ಹಚ್ಚಿದೆ ಎನ್ನುವ ಹಾಗೆ ಹೇಳಿದಳು.

ಇಷ್ಟು ವರ್ಷ ಊರಿನ ಹೆದರಿಕೆಯೆಲ್ಲ ತಂದು ಮನೆ ತುಂಬಿಸಿದೆ. ಅವಳ ಒಂದೇ ಒಂದು ಹೆದರಿಕೆ ಇಡಲು ಜಾಗ ಉಳಿಸಿರಲಿಲ್ಲ.

ಏಪ್ರಿಲ್ 5, ಭಾನುವಾರ

ಮೊದಲಿದ್ದ ಹಾಗೇ ಮಾಡಿಕೊಡುತ್ತೇನೆ ಎಂದೆ. ಗ್ಯಾರೇಜಿನ ನಡುವೆ ಕುರ್ಚಿ ಹಾಕಿ ಕೂರಿಸಿದೆ. ಹಾಗೆ ಎಂದರೆ ಹೇಗೆ ಎಂದು ನನಗೇ ನೆನಪಿಲ್ಲ. ವರ್ಷಗಟ್ಟಲೆ ವ್ಯಾನು ನಿಲ್ಲಿಸಿದ ಜಾಗ, ಯಾವ ಗೋಡೆಗೆ ಏನು ಒರಗಿತ್ತು ಎಂದು ಕೇಳಿದರೆ ಬಾಯಿ ಬಿಡಬೇಕು. ಅವಳಿಗೆ ಎಲ್ಲ ಗೊತ್ತು.

"ಬಾಗಿಲು ದಾಟಿದ ಕೂಡ್ಲೇ ಮೊಣಕಾಲಿಗೆ ಟೈರು ತಾಗೋದು. ಅಲ್ಲಿ ಬಲಕ್ಕೆ ತಿರುಗ್ತಿದ್ದೆ. ಅಲ್ಲಿಂದ ಹಗ್ಗ. ಮೊದಲ ಗಂಟು ಬಂದ್ರೆ ಬಟ್ಟೆ ಒಗೆಯೋ ಮೆಷಿನ್, ಎರಡನೇದು ಬಕೆಟ್ಟು. ಕೊನೇದು ಜೋರು ಗಂಟು, ಅಲ್ಲಿ ನಿಲ್ಬೇಕು, ಮುಂದೆ ಮೇಜಿನ ಮೂಲೆ. ಎಷ್ಟು ಸಲ ಸೊಂಟಕ್ಕೆ ಹೊಡೆಸ್ಕೊಂಡು ಕಲ್ತೆ ಗೊತ್ತಾ?"

ಮೇಜು ಎಳೆದೆ. ಅವಳು ಬಂದು ತೊಡೆ ತಾಗಿಸಿ ನೋಡಿ, "ಇನ್ನೂ ಒಂಚೂರು. ಕಿಟಕಿ ಬೆಳಕು ಕಣ್ಣಿಗೆ ಚುಚ್ಚುತ್ತೆ, ಅದಕ್ಕೇ ಕತ್ತಲೆ ಮೂಲೆ ಹಿಡಿದಿದ್ದೆ. ಪಾಪ, ಬೆಳಕು ಕೊಟ್ರಿ ನೀವು" ಎಂದಳು.

ಚರಂಡಿಯ ಬಾಯಿಯಿಂದ ಕಲ್ಲು ಎತ್ತಲು ಹೋದೆ. ಲಾಯರು ಅದರ ಮೇಲೆಯೇ ಕಾಲಿಟ್ಟು ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಅವರು ಸರಿಯುವವರೆಗೆ ಕಾದೆ. ತೊಳೆದು ತಂದಿಟ್ಟೆ. ಎಡಗೈ ಬೆರಳಿನಿಂದ ಸವರಿ, "ಹಾಂ, ಇವನೇ" ಎಂದಳು, ಮನೆ ಬಿಟ್ಟು ಓಡಿಹೋದ ಮಗ ಸಿಕ್ಕ ಹಾಗೆ.

ಏಪ್ರಿಲ್ 7, ಮಂಗಳವಾರ

ಟೈರು ಸಿಗಲಿಲ್ಲ. ಗುಜರಿಯವನು, "ಕತ್ತರಿಸಿ ಚಪ್ಪಲಿ ಮಾಡೋರಿಗೆ ಹೋಯ್ತು ಯಜಮಾನ್ರೇ. ಊರೆಲ್ಲ ನಡೀತಿರುತ್ತೆ ಈಗ ನಿಮ್ಮ ಟೈರು" ಎಂದ. ನಗಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿ, ಬೇರೊಂದು ಟೈರು ಕೊಟ್ಟ. ಇಟ್ಟೆ. ಅವಳು ಬಂದಳು, ದಾಟಿದಳು, ಮುಗ್ಗರಿಸಿದಳು. ಇದರ ಎತ್ತರ ಕಡಿಮೆ, ಮೊಣಕಾಲಿಗೆ ಬಾರದೆ ಅದರ ಕೆಳಗೆ ತಾಗುತ್ತದೆ. ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. "ಪರವಾಗಿಲ್ಲ, ಕಾಲು ಹೊಸದಾಗಿ ಕಲಿಯುತ್ತೆ" ಎಂದಳು. ಅಂದರೆ ಇದು ಮೊದಲಿನ ಹಾಗಲ್ಲ ಎಂದೇ ಅರ್ಥ.

ಹೊಸ ಹಗ್ಗ ಕಟ್ಟಿದೆ. ಅವಳು ಬೆರಳಿಟ್ಟು ತೋರಿಸಿದಲ್ಲೆಲ್ಲ ಗಂಟು. ನೈಲಾನು ಜಾರುತ್ತದೆ ಎಂದಳು. ಬಿಚ್ಚಿ ನಾರಿನದು ತಂದು ಕಟ್ಟಿದೆ.

ಏಪ್ರಿಲ್ 9, ಗುರುವಾರ

ಅವಳು ಪಕ್ಕದ ಮನೆಗೆ ಹೋಗಿದ್ದಾಗ, ಮಧ್ಯಾಹ್ನ, ಕಣ್ಣು ಮುಚ್ಚಿಕೊಂಡು ಹಗ್ಗ ಹಿಡಿದು ನಡೆದು ನೋಡಿದೆ. ಮೂರು ಸಲ ಕಣ್ಣು ಬಿಟ್ಟುಬಿಟ್ಟೆ. ಬಿಡಬಾರದು ಎಂದುಕೊಂಡರೂ ರೆಪ್ಪೆ ತಾನೇ ತೆರೆಯಿತು. ನನಗೆ ತೆರೆದರೆ ಕಾಣುತ್ತದೆ.

ನನ್ನ ಚೀಟಿಗಳೆಲ್ಲ ಇನ್ನೂ ಗೋಡೆಯ ಮೇಲಿದ್ದವು. 'ಮೇಷ್' ಎಂದು ಅರ್ಧ ಬರೆದ ಕೆಂಪು ಅಕ್ಷರ ಕೂಡ. ಕಿತ್ತುಹಾಕಿದೆ. ಮೊಳೆ ಇಟ್ಟೆ, ಮೊಳೆ ಒಳ್ಳೆಯದಂತೆ. ಗಂಟುಗಳಿಗೆ ದಾರ ಕಟ್ಟುವುದನ್ನು ಹೇಳಿಕೊಡುತ್ತಿದ್ದಾಳೆ. ಮೇಷ್ಟ್ರ ಕುಣಿಕೆ ನನಗಿನ್ನೂ ಬರುವುದಿಲ್ಲ. "ಲಾರಿ ಕ್ಲೀನರಾಗಿದ್ದೋರಿಗೆ ಹಗ್ಗ ಕಟ್ಟೋಕೆ ಬರಲ್ವಾ?" ಎಂದು ರೇಗಿಸಿದಳು.

ಏಪ್ರಿಲ್ 20, ಸೋಮವಾರ

ಕೈ ಮಾಗಿದೆ. ಅಂಗೈಯ ಚರ್ಮ ಮಾತ್ರ ಮರಗಟ್ಟಿದೆ, ಬಟ್ಟೆ ಒದ್ದೆಯೋ ಒಣಗಿದೆಯೋ ಆ ಕೈಗೆ ತಿಳಿಯುತ್ತಿಲ್ಲವಂತೆ. ಎಡಗೈಯಲ್ಲಿ ಮುಟ್ಟಿ ನೋಡುತ್ತಾಳೆ. ಕಣ್ಣಿನ ಕೆಲಸ ಮಾಡುತ್ತಿದ್ದ ಕೈಯನ್ನೂ ಸುಟ್ಟೆ ನಾನು.

ಇವತ್ತು ಮತ್ತೆ ಇಸ್ತ್ರಿ ಶುರು. ನಾನು ಬಟ್ಟೆ ಎತ್ತಿಕೊಡುತ್ತೇನೆ, ಮಾತಾಡುವುದಿಲ್ಲ. ಎಷ್ಟು ಕಾಣುತ್ತಿದೆ, ನಿನ್ನೆಗಿಂತ ಕಡಿಮೆಯೇ, ಹನಿ ಉರಿಯಿತೇ ಎಂದು ಕೇಳಲು ನಾಲಿಗೆ ತುದಿಗೆ ಬರುತ್ತದೆ. ನುಂಗಿ ಇಲ್ಲಿ ಬರೆಯುತ್ತೇನೆ.

ಇವತ್ತು ಕೇಳಲಿಲ್ಲ.

ಏಪ್ರಿಲ್ 26, ಭಾನುವಾರ

ಇವತ್ತೂ ಕೇಳಲಿಲ್ಲ.

ಏಪ್ರಿಲ್ 29, ಬುಧವಾರ

ಡಾಕ್ಟರ ಹತ್ತಿರ ಹೋಗಿದ್ದೆ. ಎದೆ ಹೇಗಿದೆ ಎಂದರು. ಯಾವ ಎದೆ ಎಂದೆ. ಹನಿ ಹಾಕುವ ಹೊತ್ತು ಮೀರುತ್ತದೆ ಎಂದು ಎದ್ದು ಬಂದೆ.

ಮೇ 3, ಭಾನುವಾರ

ಬೆಳಗ್ಗೆ ಲಾಯರ ಅಂಗಿಗಳು. ಎದುರಿಗೆ ನಿಂತು ಒಂದೊಂದೇ ಕೊಡುತ್ತಿದ್ದೆ, ಅವಳು ಒತ್ತುತ್ತಿದ್ದಳು. ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಇಟ್ಟು, ಯಾವ ಪೀಠಿಕೆಯೂ ಇಲ್ಲದೆ ಹೇಳಿದಳು.

"ಎಡಗಣ್ಣು ಇನ್ನೂ ಸ್ವಲ್ಪ ಹೋಗಿದೆ ರೀ. ಮೂರ್ನಾಲ್ಕು ದಿನದಿಂದ. ಹನಿ ಬದಲಾಯಿಸ್ತಾರೇನೋ, ನಾಳೆ ಹೋಗೋಣ್ವಾ?"

"ಹೂಂ. ಹೋಗೋಣ" ಎಂದೆ. ಅಷ್ಟೇ ಎಂದೆ. ಮುಂದಿನ ಅಂಗಿ ಚಾಚಿದೆ.

ಅವಳು ಅದರ ತುದಿ ಹಿಡಿದು ಹಾಗೇ ನಿಂತಳು.

"ಅಂಗಿ ಯಾಕೆ ನಡುಗ್ತಿದೆ?"

"ಫ್ಯಾನಿನ ಗಾಳಿ."

"ಇಸ್ತ್ರಿ ಮಾಡುವಾಗ ಫ್ಯಾನು ಹಾಕ್ತಾರೇನ್ರೀ ಯಾರಾದ್ರೂ?"

ಇಬ್ಬರೂ ಆ ಅಂಗಿ ಹಿಡಿದುಕೊಂಡೇ ನಿಂತಿದ್ದೆವು, ಒಂದು ತುದಿ ಅವಳು, ಒಂದು ತುದಿ ನಾನು. ಆಮೇಲೆ ಅವಳು ಮೆಲ್ಲಗೆ ಎಳೆದುಕೊಂಡಳು. ಬಿಟ್ಟೆ.